ಕದಿರು ಕಟ್ಟಿದ ಸೂಕ್ಷ್ಮದರ್ಶಕ

ಅಕ್ಟೋಬರ್ 1, 2025, ಬುಧವಾರ. ಕೋಡಿ

ಮಹಾನವಮಿಯ ಈ ದಿನ, ಮನೆಯಲ್ಲಿ ಹೊಸ್ತಿನ ಕದಿರು ಕಟ್ಟುವ ಕಾರ್ಯವನ್ನು ಪ್ರತಿ ವರ್ಷದ ಕ್ರಮದಂತೆ ಹಿರಿಯನಾದ ನಾನೇ ನೆರವೇರಿಸಿದ್ದೇನೆ. ಹೊಸ ಭತ್ತದ ತೆನೆಗೆ ಮಾವಿನೆಲೆ, ಹಲಸಿನೆಲೆಗಳನ್ನು ಸೇರಿಸಿ, ನಾರಿನಿಂದ ಬಿಗಿದು, ಬಾಗಿಲು, ಬಾವಿ, ದೋಣಿ, ಮಗ ಸುಧೀರನ ಬೈಕು, ಇಷ್ಟಕ್ಕೂ ಕಟ್ಟಿದ್ದಾಯಿತು. ನಂತರ ಬಸ್ಸು ಹಿಡಿದು ತಲ್ಲೂರಿಗೆ ಹೋದೆ. ಸುಧೀರನ ಮಗಳು, ನನ್ನ ಮೊಮ್ಮಗಳು ಸೌಜನ್ಯ, ಅಲ್ಲಿ ಹೆದ್ದಾರಿಯ ಬದಿಯ ಮಹಡಿಯಲ್ಲಿ ಸಿಗಡಿ ಕೆರೆಗಳ ನೀರನ್ನೂ ಸಿಗಡಿಯನ್ನೂ ಪರೀಕ್ಷಿಸುವ ಕೊಠಡಿಯೊಂದನ್ನು ತೆರೆದಿದ್ದಾಳೆ. ಅವಳ ಸೂಕ್ಷ್ಮದರ್ಶಕದ ಕುತ್ತಿಗೆಗೂ ಒಂದು ಕದಿರನ್ನು ಕಟ್ಟಿದೆ.

"ಅಜ್ಜಯ್ಯ, ಅದಕ್ ಬೇಡ ಅಲ್ದಾ? ಗ್ವಾಡಿಗ್ ಕಟ್ಟುವ" ಎಂದಳು.

"ಅನ್ನ ಕೊಡು ವಸ್ತು ಇದ್. ಗ್ವಾಡಿ ಎಂತ ಕೊಡತ್ತ್?" ಎಂದೆ. ಕಟ್ಟಿದ ಕದಿರನ್ನು ಮರು ವರ್ಷದ ತನಕ ಕೈಯಾರೆ ಬಿಚ್ಚುವ ಕ್ರಮ ನಮ್ಮಲ್ಲಿಲ್ಲ ಎಂಬುದನ್ನೂ ಅವಳಿಗೆ ತಿಳಿಸಿದ್ದೇನೆ.

ಅಕ್ಟೋಬರ್ 6, ಸೋಮವಾರ

ಸುಧೀರ ನೋಡಿಕೊಳ್ಳುವ ನಮ್ಮ ಸಿಗಡಿ ಕೆರೆಯ ವಿಷಯ ಒಳ್ಳೆಯದಿಲ್ಲ. ಒಂದೇ ಪ್ರಾಯದ ಸಿಗಡಿಗಳಲ್ಲಿ ಕೆಲವು ಹೆಬ್ಬೆರಳಿನಷ್ಟಿದ್ದರೆ ಹೆಚ್ಚಿನವು ಕಿರುಬೆರಳನ್ನೂ ಮುಟ್ಟಿಲ್ಲ. ಬೆಳವಣಿಗೆಯನ್ನೇ ನಿಲ್ಲಿಸಿಬಿಡುವ ಒಂದು ರೋಗವಿದೆಯೆಂದೂ, ಅದು ನೀರಿನ ಮೂಲಕ ಕೆರೆಯಿಂದ ಕೆರೆಗೆ ಹರಡುತ್ತದೆಂದೂ ಸೌಜನ್ಯ ಹೇಳಿದಳು. ನಮ್ಮ ಕೆರೆಯೂ ಬಚ್ಚ ಎಂಬವರ ಕೆರೆಯೂ ಒಂದೇ ಹೊಳೆಯ ಕವಲಿನಿಂದ ನೀರು ಪಡೆಯುತ್ತವೆ. ಹುಣ್ಣಿಮೆ, ಅಮಾವಾಸ್ಯೆಗಳ ದೊಡ್ಡ ಭರತ ಬಂದಾಗ ಕಿಂಡಿಯ ಹಲಗೆ ಎತ್ತಿ ಹೊಸ ನೀರು ತೆಗೆದುಕೊಳ್ಳುತ್ತೇವೆ. ಇಳಿತಕ್ಕೆ ಹಳೆಯದನ್ನು ಬಿಡುತ್ತೇವೆ. ಅವರು ಬಿಟ್ಟ ರೋಗವೇ ನಮ್ಮ ಕೆರೆಗೆ ಬಂದಿರಬೇಕು ಎಂಬುದು ಸುಧೀರನ ಅಭಿಪ್ರಾಯ. ನನ್ನದೂ ಅದೇ. ಸಂಜೆ ಕೋಡಿಯ ಚಹಾದಂಗಡಿಯಲ್ಲಿ ನಾಲ್ಕು ಜನರ ಎದುರು ಹಾಗೆಂದು ಹೇಳಿಯೂ ಆಯಿತು.

ಕುಂದಾಪುರದ ಕೋರ್ಟಿನ ಜಗಲಿಯಲ್ಲಿ ನನ್ನ ಜೀವಮಾನದ ಹೆಚ್ಚಿನ ಭಾಗ ಅರ್ಜಿಗಳ ಪ್ರತಿ ಮಾಡುವುದರಲ್ಲಿ ಕಳೆದಿದೆ. ಬೈಂದೂರಿನಿಂದಲೂ ಬ್ರಹ್ಮಾವರದಿಂದಲೂ ಜನ ನನ್ನ ಅಕ್ಷರವನ್ನು ಹುಡುಕಿಕೊಂಡು ಬರುತ್ತಿದ್ದರು. ಆ ಕೈ ಇನ್ನೂ ನಡುಗುವುದಿಲ್ಲ. ಈ ದಿನ ಕರಡು ಆರಂಭಿಸಿದ್ದೇನೆ: "ಸದರಿ ಬಚ್ಚ ಎಂಬವರು ತಮ್ಮ ಕೆರೆಯ ರೋಗಗ್ರಸ್ತ ನೀರನ್ನು, ನೆರೆಹೊರೆಯವರ ಹಿತವನ್ನು ಕಿಂಚಿತ್ತೂ ಪರಿಗಣಿಸದೆ, ಸಾರ್ವಜನಿಕ ಹೊಳೆಗೆ ಹರಿಯಬಿಟ್ಟಿರುವುದರಿಂದ..." ವಾಕ್ಯ ಚೆನ್ನಾಗಿ ಕುಳಿತಿದೆ. ಸಾಕ್ಷಿಯೊಂದು ಬೇಕು. ಮುಂದಿನ ಅಮಾವಾಸ್ಯೆಯ ಭರತಕ್ಕೆ ಮೊದಲು ಯಾವ ಕೆರೆಯಲ್ಲಿ ರೋಗವಿದೆ, ಯಾವುದರಲ್ಲಿಲ್ಲ ಎಂಬುದು ತಿಳಿಯಲೇಬೇಕು. ಹಲಗೆ ಎತ್ತಿದ ಮೇಲೆ ತಿಳಿದು ಪ್ರಯೋಜನವಿಲ್ಲ.

ಅಕ್ಟೋಬರ್ 8, ಬುಧವಾರ

ಸಾಕ್ಷಿ ಹೇಗೆ ತಯಾರಾಗುತ್ತದೆ ಎಂಬುದನ್ನು ಖುದ್ದಾಗಿ ನೋಡುವುದು ಸೂಕ್ತವೆಂದು ತಲ್ಲೂರಿಗೆ ಹೋದೆ. ಈ ಪ್ರಾಯದ ತನಕ ಸೂಕ್ಷ್ಮದರ್ಶಕದೊಳಗೆ ಕಣ್ಣಿಟ್ಟವನಲ್ಲ. ಮೊದಲು ಕಂಡದ್ದು ಬರೀ ಕಪ್ಪು. ಆಮೇಲೆ ನನ್ನದೇ ಕಣ್ಣಿನ ರೆಪ್ಪೆ. ಸೌಜನ್ಯ ನನ್ನ ತಲೆಯನ್ನು ಮೆಲ್ಲನೆ ಹಿಂದಕ್ಕೆ ಸರಿಸಿ, "ಈಗ ಕಾಣಿ" ಎಂದಳು.

ಹೊಳೆಯ ಒಂದು ಹನಿ ನೀರಿನಲ್ಲಿ ಅಷ್ಟು ಸಂಚಾರವಿದೆಯೆಂದು ನನಗೆ ತಿಳಿದಿರಲಿಲ್ಲ. ಎರಡೂ ತುದಿ ಚೂಪಾಗಿ, ನಡುವೆ ತುಸು ಉಬ್ಬಿ, ನಮ್ಮ ಪಾತಿ ದೋಣಿಯ ಹಾಗೆಯೇ ಇರುವ ಒಂದು ಪಾಚಿ, ಹುಟ್ಟು ಹಾಕುವವರಿಲ್ಲದೆ ತಾನಾಗಿ ಸಾಗುತ್ತಿತ್ತು. ಎದುರಿಗೆ ಏನೋ ಅಡ್ಡ ಬಂದಾಗ ನಿಂತು, ತಿರುಗದೆ, ಬಂದ ದಾರಿಯಲ್ಲೇ ಹಿಂದೆ ಹೋಯಿತು. ಅದಕ್ಕೆ ಮುಂದಲೆ ಯಾವುದು, ಹಿಂದಲೆ ಯಾವುದು ಎಂದು ಕೇಳಿದೆ. "ಅದಕ್ ಎರಡೂ ಒಂದೇ ಅಜ್ಜಯ್ಯ" ಎಂದಳು.

ಇನ್ನು ಸಾಕ್ಷಿಯ ವಿಚಾರ. ರೋಗದ ಬೀಜಾಣು ಸಿಗಡಿಯ ಹೊಟ್ಟೆಯಲ್ಲಿರುವ, ಮೊಟ್ಟೆಯಾಕಾರದ ಅತಿ ಸಣ್ಣ ಕಾಳು. ಸಾದಾ ಬೆಳಕಿನಲ್ಲಿ ನೋಡಿದರೆ ಕೊಬ್ಬಿನ ಹನಿಯೂ ಹಾಗೆಯೇ ಕಾಣುತ್ತದೆ. ಆದ್ದರಿಂದ ಒಂದು ಬಣ್ಣ ಹಾಕುತ್ತಾರೆ. ಕಣ್ಣಿಗೆ ಕಾಣದ ನೇರಳಾತೀತ ಕಿರಣ ಬಿಟ್ಟಾಗ ಬೀಜಾಣು ನೀಲಿಯಾಗಿ ಹೊಳೆಯುತ್ತದೆ, ಕೊಬ್ಬು ಹೊಳೆಯುವುದಿಲ್ಲ. ಆದರೆ ಸಿಗಡಿಯ ಚಿಪ್ಪಿನ ಚೂರೂ ಆ ಬಣ್ಣ ಹಿಡಿದು ಹೊಳೆಯುತ್ತದೆ. ಹಾಗಾಗಿ ಆಕಾರವೊಂದೇ ಸಾಲದು, ಹೊಳಪೊಂದೇ ಸಾಲದು. ಸಾದಾ ಬೆಳಕಿನಲ್ಲಿ ಮೊಟ್ಟೆಯಂತೆ ಕಂಡ ಅದೇ ಕಾಳು, ಅದೇ ಜಾಗದಲ್ಲಿ, ಇನ್ನೊಂದು ಬೆಳಕಿನಲ್ಲಿ ಹೊಳೆಯಬೇಕು.

ಬೆಳಕು ಬದಲಿಸಲು ಯಂತ್ರದ ಕುತ್ತಿಗೆಯ ಬದಿಯಲ್ಲಿ ಒಂದು ಪಟ್ಟಿಯಿದೆ. ಅದನ್ನು ಒಳಗೆ ದೂಡಿದರೆ ಟಕ್ ಎಂದು ತನ್ನ ಸ್ಥಾನದಲ್ಲಿ ಕೂರುತ್ತದೆ. ಹಳೆಯ ಮಾದರಿಯೊಂದನ್ನು ಇಟ್ಟು ಅವಳು ತೋರಿಸಿದಾಗ ಎರಡು ಚಿತ್ರಗಳೂ ಒಂದರ ಮೇಲೊಂದು ಸರಿಯಾಗಿ ಕುಳಿತವು. ಕಾರ್ಬನ್ ಹಾಳೆ ಇಟ್ಟು ಮೂರು ಪ್ರತಿ ತೆಗೆಯುವಾಗ ನಾವೂ ಹಾಗೆಯೇ. ಮೇಲಿನ ಹಾಳೆ ಒಂದು ಕೂದಲೆಳೆ ಜರುಗಿದರೂ ಅಡಿಯ ಪ್ರತಿಯಲ್ಲಿ ಸಹಿ ಗೆರೆಯ ಹೊರಗೆ ಬೀಳುತ್ತದೆ.

ಕಟ್ಟಿದ ಕದಿರು ಇನ್ನೂ ಹಸಿರಾಗಿದೆ. ನೋಡಲು ಲಕ್ಷಣವಾಗಿದೆ.

ಅಕ್ಟೋಬರ್ 9, ಗುರುವಾರ

ಮೊದಲ ಬಸ್ಸಿಗೇ ಹೋದೆ. ಬೀಗದ ಕೈ ಒಂದು ನನ್ನ ಬಳಿಯೂ ಇದೆ. ಸೌಜನ್ಯ ಕೆರೆಗೆ ಹೋಗಿ ನಮ್ಮ ಸಿಗಡಿಯ ಮಾದರಿ ತರುವಷ್ಟರಲ್ಲಿ ನಿನ್ನೆಯ ಹನಿಯನ್ನು ಒಬ್ಬನೇ ನೋಡಿದೆ. ನೋಡುವ ಕೊಳವೆಯ ತುದಿಯಲ್ಲಿ ಬಳೆಯಂಥದ್ದೊಂದಿದೆ. ಅದನ್ನು ತಿರುಗಿಸಿದರೆ, ಶಸ್ತ್ರಚಿಕಿತ್ಸೆಯಾದ ನನ್ನ ಎಡಗಣ್ಣಿಗೂ ಬಲು ಸ್ಪಷ್ಟವಾಗಿ ಕಾಣುತ್ತದೆ. ಸ್ವಂತವಾಗಿ ಕಂಡುಕೊಂಡೆನೆಂಬ ಸಮಾಧಾನವಾಯಿತು.

ಮಾದರಿ ಬಂದ ಮೇಲಿನ ಕೆಲಸ ಮಾತ್ರ ಕೆಟ್ಟಿತು. ಕಣ್ಣಿಗೆ ಸ್ಪಷ್ಟವಾಗಿರುವುದು ಕ್ಯಾಮೆರಾದ ಪರದೆಯಲ್ಲಿ ಮಬ್ಬು. ಸಣ್ಣ ಮಸೂರದಿಂದ ದೊಡ್ಡ ಮಸೂರಕ್ಕೆ ಹೋದರೆ ಎಲ್ಲವೂ ಕಲಸಿದ ಗಂಜಿ. ಸೌಜನ್ಯ ಮೂರು ಸಲ ಹೊಸದಾಗಿ ಮಾಡಿದಳು.

ಬ್ರಹ್ಮಾವರದಲ್ಲಿರುವ ಅವಳ ಗುರುಗಳು ಅನಿಷಾ ಎಂಬವರು ಫೋನಿನಲ್ಲಿ ಹೇಳಿದ್ದನ್ನು ಕೇಳಿಸಿಕೊಂಡೆ. "ಎರಡು ಚಿತ್ರ ಒಂದರ ಮೇಲೊಂದು ಕೂತ್ರೆ ಮಾತ್ರ ನಾ ಹೌದ್ ಅಂತೆ, ಸೌಜನ್ಯ. ಇಲ್ದಿರೆ ಅದ್ ಸಂಶಯವೇ. ಸಂಶಯದ ಮೇಲೆ ಒಬ್ರ ಕೆರಿ ಹೆಸ್ರ್ ತೆಗುಕ್ ಆತಿಲ್ಲ." ಖಡಾಖಂಡಿತ ಮಾತು. ಜಗಲಿಯಲ್ಲಿ ಇಂಥವರೊಬ್ಬರು ಇದ್ದಿದ್ದರೆ ಅರ್ಧದಷ್ಟು ಅರ್ಜಿಗಳು ಹುಟ್ಟುತ್ತಲೇ ಇರಲಿಲ್ಲ.

ಅಕ್ಟೋಬರ್ 11, ಶನಿವಾರ

ಮಬ್ಬಿನ ಕಾರಣ ಪತ್ತೆಯಾಯಿತು. ಬರೆದಿಡುವುದು ನ್ಯಾಯ.

ಸೌಜನ್ಯ ಬಹಳ ಹೊತ್ತು ಯಂತ್ರವನ್ನೇ ನೋಡುತ್ತಿದ್ದು, ನನ್ನ ಮುಖ ನೋಡದೆ ಕೇಳಿದಳು. "ಅಜ್ಜಯ್ಯ, ನೀವ್ ಈ ಬಳಿ ತಿರ್ಗಿಸಿರ್ಯಾ?"

"ತಿರ್ಗಿಸ್ದೆ. ಕಾಂತಿಲ್ಲ ಅಂದ್ರೆ ತಿರ್ಗ್ಸದೆ ಎಂತ ಮಾಡುದ್?"

ಅವಳು ನಕ್ಕುಬಿಟ್ಟಳು. ನನಗೆ ಮೊದಲು ಸಿಟ್ಟು ಬಂತು. ಆಮೇಲೆ ಅವಳು ವಿವರಿಸಿದ್ದನ್ನು ಕೇಳಿ, ಮತ್ತೊಮ್ಮೆ ಕೇಳಿ, ಮೂರನೆಯ ಸಲ ಕೈಯಿಂದಲೇ ಮಾಡಿ ನೋಡಿದೆ. ದೊಡ್ಡ ಮಸೂರದಲ್ಲಿ ಬದಿಯ ಹಿಡಿಯನ್ನು ತಿರುಗಿಸಿ ಚಿತ್ರವನ್ನು ಸ್ಪಷ್ಟ ಮಾಡಬೇಕು. ಸಣ್ಣ ಮಸೂರಕ್ಕೆ ಬಂದಾಗ ಹಿಡಿಯನ್ನು ಮುಟ್ಟದೆ ಬಳೆಯನ್ನು ಮಾತ್ರ ತಮ್ಮ ಕಣ್ಣಿಗೆ ಹೊಂದಿಸಿಕೊಳ್ಳಬೇಕು. ಹಾಗೆ ಮಾಡಿದರೆ ಯಾವ ಮಸೂರಕ್ಕೆ ಹೋದರೂ ಚಿತ್ರ ಕೆಡುವುದಿಲ್ಲ. ನಾನಾದರೋ ನನ್ನ ಕಣ್ಣಿಗೆ ತಿರುಗಿಸಿ, ಹಾಗೆಯೇ ಬಿಟ್ಟು ಎದ್ದುಬಿಡುತ್ತಿದ್ದೆ. ನಂತರ ಕುಳಿತ ಅವಳು ನನ್ನ ಕಣ್ಣಿನ ಲೆಕ್ಕದಲ್ಲಿ ನೋಡುತ್ತಿದ್ದಳು.

ಅವಳು ಉಗುರಿಗೆ ಹಚ್ಚುವ ಕೆಂಪು ಬಣ್ಣದಿಂದ ಬಳೆಯ ಮೇಲೆ ತನ್ನ ಗುರುತನ್ನು ಮಾಡಿದಳು. "ನೀವ್ ಎಷ್ಟ್ ಬೇಕಾರೂ ತಿರ್ಗಿಸಿ. ಏಳುವಾಗ ಈ ಗುರ್ತಿಗ್ ತಂದ್ ಇಡಿ ಅಕಾ?"

ಒಂದೇ ವಸ್ತುವನ್ನು ನೋಡಲು ಇಬ್ಬರಿಗೆ ಎರಡು ಹೊಂದಾಣಿಕೆ ಬೇಕೆಂಬುದು ವಿಚಿತ್ರವೇ. ಮನೆಗೆ ಬಂದು ಊಟ ಮಾಡುವಾಗಲೂ ಒಂದು ಕಣ್ಣು ಮುಚ್ಚಿ, ಇನ್ನೊಂದು ತೆರೆದು, ಬಟ್ಟಲಿನ ಅಂಚು ಎಷ್ಟು ಜರುಗುತ್ತದೆಂದು ನೋಡುತ್ತಿದ್ದೆ. ಸುಧೀರ, "ಅಪ್ಪಯ್ಯ, ಕಣ್ಣಿಗ್ ಎಂತ ಆಯ್ತ್?" ಎಂದು ಗಾಬರಿಯಾದ.

ಅಕ್ಟೋಬರ್ 13, ಸೋಮವಾರ

ಬಚ್ಚ ಎಂಬವರ ಕೆರೆಯ ಸಿಗಡಿಯೂ ಬೇಕು. ಅವರದ್ದನ್ನು ನೋಡದೆ ಅವರ ಮೇಲೆ ಬರೆಯುವುದು ಊರ್ಜಿತವಾಗದು. ಕದ್ದು ಹಿಡಿಯೋಣವೆಂದ ಸುಧೀರನಿಗೆ ಗದರಿಸಿ, ನಾನೇ ಅವರ ಕೆರೆಯ ದಂಡೆಗೆ ಹೋದೆ.

ಅವನು ಲುಂಗಿ ಎತ್ತಿ ಕಟ್ಟಿಕೊಂಡು ಕಿಂಡಿಯ ಕೆಸರಿನಲ್ಲಿ ನಿಂತಿದ್ದ. ದೂರದಿಂದಲೇ ಕೂಗಿದ. "ಹ್ವಾಯ್ ಚಂದಣ್ಣ! ದಾರಿ ತಪ್ಪಿತಾ? ನನ್ ಮೇಲೆ ಅರ್ಜಿ ಬರೂಕ್ ಹೊರಟಿದ್ರಿ ಅಂಬ್ರಲೆ. ಚಹಾದಂಗ್ಡೀಲಿ ಎಲ್ಲ ಹೇಳ್ತೊ."

"ವಿಚಾರಣೆ ನಡೀತಾ ಇತ್ತ್" ಎಂದೆ. ಬಾಯಿಗೆ ಬಂದದ್ದು ಅದೇ.

"ಬರಿನಿ, ಬರಿನಿ. ಚಂದ ಅಕ್ಷರದಂಗೆ ಬರಿನಿ. ನನ್ ಹೆಸ್ರ್ ಯಾರೂ ಒಂದ್ ಸಲವೂ ಚಂದ ಮಾಡಿ ಬರೀಲಿಲ್ಲ ಕಾಣಿ." ನಗುತ್ತಲೇ ಬಲೆ ಬೀಸಿ, ಒಂದು ಹಿಡಿ ಸಿಗಡಿಯನ್ನು ಡಬ್ಬಿಗೆ ಹಾಕಿ ಕೊಟ್ಟ. "ತಕಣಿ, ಜೀವ ಇತ್ತ್. ಸೌಜನ್ಯನ್ ಹತ್ರ ಹೇಳಿ, ನನ್ ಚಟ್ಲಿ ಸತ್ರೆ ಅದ್ ಬಸ್ಸಂಗ್ ನಿಮ್ ಮುಖ ಕಂಡ್ ಸತ್ತದ್ದ್ ಅಂದೇಳಿ."

ಅವನ ಹೆಂಡತಿ ಸೀತು ದಂಡೆಯ ಮೇಲಿನಿಂದ, "ಅವ್ರಿಗೆ ಒಂಚೂರ್ ಗಂಜಿನೀರ್ ಆರೂ ಕೊಡಿ, ಬಿಸ್ಲಂಗ್ ಬಂದಿರ್" ಎಂದಳು. ಕುಡಿದೆ. ಉಪ್ಪು ಹದವಾಗಿತ್ತು.

ಚಿಕ್ಕಂದಿನಲ್ಲಿ ನಾವಿಬ್ಬರೂ ಕೈರಂಪಣಿ ಬಲೆಯ ಹಗ್ಗವನ್ನು ಒಂದೇ ತುದಿಯಲ್ಲಿ ಹಿಡಿದು ಎಳೆದವರು. ಇದು ಪ್ರಕರಣಕ್ಕೆ ಸಂಬಂಧಿಸಿದ ವಿಷಯವಲ್ಲ.

ಅಕ್ಟೋಬರ್ 15, ಬುಧವಾರ

ಈಗ ಚಿತ್ರಗಳು ಸ್ಪಷ್ಟವಾಗಿವೆ; ಆದರೆ ಜರುಗುತ್ತವೆ. ಸಾದಾ ಬೆಳಕಿನಲ್ಲಿ ನಡುವೆ ಇದ್ದ ಕಾಳು, ಬೆಳಕು ಬದಲಿಸಿದಾಗ ಎಲ್ಲಿಗೋ ಹೋಗಿರುತ್ತದೆ. ಹೊಳೆಯುತ್ತಿರುವುದು ಅದೋ, ಅದರ ಪಕ್ಕದ್ದೋ ಎಂದು ಹೇಳಲಾಗದು.

ಗಾಜಿನ ಅಡಿಯಲ್ಲಿ ನೀರೇ ಹರಿಯುತ್ತಿರಬಹುದೆಂದು ಸೌಜನ್ಯ ತರ್ಕಿಸಿದಳು. ಫ್ಯಾನ್ ನಿಲ್ಲಿಸಿದೆವು. ಮುಚ್ಚುಗಾಜಿನ ನಾಲ್ಕೂ ಅಂಚಿಗೆ ಅದೇ ಉಗುರುಬಣ್ಣವನ್ನು ಬಳಿದು, ಒಣಗಲು ಬಿಟ್ಟು ನೋಡಿದೆವು. ಹರಿಯುವುದು ನಿಂತಿತು. ಬಹಳ ಸಂತೋಷಪಟ್ಟೆವು. ಅವಳು ಬೆಳಕು ಬದಲಿಸಿದಳು. ಪುನಃ ಜರುಗಿತು. ಈ ಸಲ ಎಲ್ಲ ಕಾಳುಗಳೂ ಒಟ್ಟಿಗೆ, ಒಂದೇ ದಿಕ್ಕಿಗೆ, ಒಂದೇ ಅಳತೆಯಲ್ಲಿ ಜರುಗಿದವು. ಅಲ್ಲದೆ ಚಿತ್ರದ ಒಂದು ಬದಿ, ಗ್ರಹಣ ಹಿಡಿದಂತೆ, ಕಪ್ಪಾಗಿದೆ.

ನೀರು ಹರಿದರೆ ಒಂದೊಂದು ಕಾಳು ಒಂದೊಂದು ಕಡೆ ಹೋಗಬೇಕು. ಎಲ್ಲವೂ ಸಾಲು ಹಿಡಿದು ಹೋಗುವುದಾದರೆ ಜರುಗಿದ್ದು ಕಾಳಲ್ಲ, ನಮ್ಮ ನೋಟ. ಇದನ್ನು ನಾನು ಹೇಳಿದಾಗ ಸೌಜನ್ಯ, "ಹೌದ್ ಕಾಣಿ ಅಜ್ಜಯ್ಯ!" ಎಂದು ನನ್ನ ಕೈ ಹಿಡಿದುಕೊಂಡಳು.

ನೋಟ ಯಾಕೆ ಜರುಗುತ್ತದೆ? ಬಸ್ಸಿನಲ್ಲಿ ಬರುವಾಗ ಇಡೀ ದಾರಿ ಇದೇ ಯೋಚನೆ. ಕೋಡಿಯ ತಿರುವು ದಾಟಿ ಮುಂದೆ ಹೋಗಿ ಇಳಿದೆ.

ಅಕ್ಟೋಬರ್ 16, ಗುರುವಾರ

ಸುಧಾರಣೆಯಿಲ್ಲ. ಸೌಜನ್ಯ ಮಸೂರಗಳನ್ನು ಬಿಚ್ಚಿ ಒರೆಸಿ ಕೂರಿಸಿದಳು. ಊಟ ಮಾಡಲಿಲ್ಲ. ಯಂತ್ರವನ್ನು ದುರಸ್ತಿಗೆ ಕಳುಹಿಸಿದರೆ ಅಮಾವಾಸ್ಯೆಯೊಳಗೆ ಬರದು. ಸುಧೀರ ಫೋನು ಮಾಡಿ, "ಬರಿ ಅಂದಾಜಲ್ ಬರದ್ ಕೊಡು ಕಾಂಬ, ನಿನ್ ಅಪ್ಪಯ್ಯನ ಕೆರಿ ಅಲ್ದಾ?" ಎಂದನಂತೆ. ಅವಳು ಫೋನು ಇಟ್ಟಳು. ಕಣ್ಣು ಕೆಂಪಾಗಿತ್ತು. ಆ ಕಿರಣ ನೋಡಿ ಕೆಂಪಾದದ್ದಲ್ಲ.

ಅಕ್ಟೋಬರ್ 17, ಶುಕ್ರವಾರ

ಇಂದಿನದನ್ನು ಕ್ರಮವಾಗಿಯೇ ಬರೆಯುತ್ತೇನೆ.

ಬೆಳಿಗ್ಗೆ ಹೊಸ ಮಾದರಿ ಇಟ್ಟು ಸೌಜನ್ಯ ಬೆಳಕು ಬದಲಿಸಿದಳು. ಪರದೆಯ ಮೇಲೆ ಸಣ್ಣ ಕಾಳುಗಳ ನಡುವೆ ಒಂದು ದೊಡ್ಡ ಕಡ್ಡಿಯಂಥದ್ದು, ಉರಿಯುವ ನೀಲಿ ಕೊಳ್ಳಿಯ ಹಾಗೆ ಅಡ್ಡ ಬಿದ್ದಿತ್ತು. ಅಷ್ಟು ಹೊಳಪನ್ನು ನಾನು ಅದರಲ್ಲಿ ಕಂಡದ್ದೇ ಇಲ್ಲ.

"ಇದ್ ಎಂತ? ಚಿಪ್ಪಾ?"

"ಅಲ್ಲ. ಗಿಡದ್ದ್ ಎಂತದೋ. ಗಿಡದ ನಾರೂ ಈ ಬಣ್ಣ ಹಿಡಿತ್ತ್. ಆದ್ರೆ ಚಟ್ಲಿ ಹೊಟ್ಟೇಲಿ ಇದ್ ಎಲ್ಲಿಂದ ಬಂತ್?"

ಸಾದಾ ಬೆಳಕಿಗೆ ಬಂದು ನೋಡಿದೆವು. ತೆಳು ಹಳದಿ. ಒಂದು ತುದಿ ಒಡೆದಿದೆ. ಮೈಮೇಲೆ ಗೆರೆಗೆರೆ, ಗೆರೆಯ ಮೇಲೆ ಸಣ್ಣ ಮುಳ್ಳುಗೂದಲು. ಎಲ್ಲೋ ನೋಡಿದ್ದೇನೆ ಅನಿಸಿತು. ಬಹಳ ಹತ್ತಿರದಿಂದ ಅಲ್ಲ, ಬಹಳ ಸಲ. ಗೆರಸಿಯಲ್ಲಿ. ಅಂಗಳದಲ್ಲಿ. ಅಂಗಿಯ ಕಾಲರಿನೊಳಗೆ ಸಿಕ್ಕಿ ತುರಿಸುವಾಗ.

ಭತ್ತದ ಹೊಟ್ಟು.

ತಲೆ ಎತ್ತಿ ನೋಡಿದೆ. ಯಂತ್ರದ ಕುತ್ತಿಗೆಯಲ್ಲಿ ನಾನು ಕಟ್ಟಿದ ಕದಿರು ಪೂರಾ ಒಣಗಿ, ಮುಟ್ಟಿದರೆ ಉದುರುವಂತಿತ್ತು. ಅದರ ನೇರ ಕೆಳಗೆ ಬೆಳಕು ಬದಲಿಸುವ ಪಟ್ಟಿ ಒಳಹೋಗುವ ಸಂದು.

"ಮಗಾ, ಆ ಪಟ್ಟಿ ಒಂದ್ಸಲ ಒಳಗ್ ದೂಡ್" ಎಂದೆ.

ದೂಡಿದಳು. ಕಿವಿಗೊಟ್ಟು ಕೇಳಿದೆ. ಮೊದಲ ದಿನ ಟಕ್ ಎಂದಿದ್ದು ಈಗ ಏನೂ ಅನ್ನಲಿಲ್ಲ. ಮೆತ್ತಗೆ ಹೋಗಿ ನಿಂತಿತು. ಪೂರ್ತಿ ಕೂತಿರಲಿಲ್ಲ. ಆ ಶಬ್ದ ಇಲ್ಲದಾಗಿ ಎಷ್ಟು ದಿನವಾಯಿತೋ, ಇಬ್ಬರೂ ಪರದೆಯನ್ನೇ ನೋಡುತ್ತ ಕೇಳಿಸಿಕೊಂಡೇ ಇರಲಿಲ್ಲ.

ಸೌಜನ್ಯ ಕದಿರನ್ನು ನೋಡಿದಳು, ನನ್ನನ್ನು ನೋಡಿದಳು. ನಿನಗೆ ಮೊದಲೇ ಅನುಮಾನವಿತ್ತೇ ಎಂದು ಕೇಳಿದೆ.

"ಇತ್ತ್... ಸ್ವಲ್ಪ. ಆದ್ರೆ ನೀವ್ ಬಿಚ್ಚುಕಾಗ ಅಂದಿರಲೆ."

ನನ್ನ ಮಾತಿಗೆ ಹೆದರಿ ಇಷ್ಟು ದಿನ ಕೆಟ್ಟ ಚಿತ್ರ ತೆಗೆಯುತ್ತಿದ್ದಳು, ಹುಚ್ಚು ಹುಡುಗಿ.

ಕದಿರನ್ನು ನಾನೇ ಬಿಚ್ಚಿದೆ. ಒಂದು ಕಾಳೂ ನೆಲಕ್ಕೆ ಬೀಳದಂತೆ ಅಂಗೈ ಕೆಳಗಿಟ್ಟು ಬಿಚ್ಚಿ, ಕಿಟಕಿಯ ಸರಳಿಗೆ ಕಟ್ಟಿದೆ. ಅಲ್ಲಿ ಗಾಳಿ ಬರುತ್ತದೆ, ಅದಕ್ಕೂ ಒಳ್ಳೆಯದೇ. ಸೌಜನ್ಯ ಪಟ್ಟಿಯನ್ನು ಹೊರಗೆಳೆದು, ಮೆತ್ತನೆಯ ಕುಂಚದಿಂದ ಸಂದಿನ ಒಳಗೆ ಸವರಿದಳು. ಬಿಳಿ ಕಾಗದದ ಮೇಲೆ ಹೊಟ್ಟಿನ ನಾಲ್ಕಾರು ಚೂರುಗಳು ಬಿದ್ದವು. ಉಸಿರು ಬಿಟ್ಟರೆ ಹಾರುವಷ್ಟು ಹಗುರ.

ಪಟ್ಟಿಯನ್ನು ಪುನಃ ದೂಡಿದಳು. ಟಕ್!

ಇಬ್ಬರೂ ಒಟ್ಟಿಗೆ ನಕ್ಕೆವು. ಆ ಟಕ್ ಅನ್ನು ಸುಮ್ಮನೆ ಏಳೆಂಟು ಸಲ ಮಾಡಿಸಿದೆ.

ಅಕ್ಟೋಬರ್ 18, ಶನಿವಾರ

ಚಿತ್ರಗಳು ಕುಳಿತವು. ಒಂದರ ಮೇಲೊಂದು, ಕೂದಲೆಳೆಯ ವ್ಯತ್ಯಾಸವೂ ಇಲ್ಲದೆ. ಮಧ್ಯಾಹ್ನದೊಳಗೆ ಅನಿಷಾ ಅವರೂ ನೋಡಿ ಹೌದೆಂದರು.

ಬಚ್ಚನ ಸಿಗಡಿಯಲ್ಲಿ ಮೊಟ್ಟೆಯಾಕಾರದವು ಬೇಕಾದಷ್ಟಿವೆ; ಒಂದೂ ಹೊಳೆಯುವುದಿಲ್ಲ. ಹೊಳೆಯುವುದು ಚಿಪ್ಪಿನ ಚೂರು ಮಾತ್ರ. ಬರೀ ಕೊಬ್ಬು. ಕೊಬ್ಬಿದ ಸಿಗಡಿ.

ನಮ್ಮದರಲ್ಲಿ, ಮೊಟ್ಟೆಯಂತೆ ಕಂಡದ್ದೇ ಹೊಳೆಯುತ್ತದೆ. ಒಂದಲ್ಲ, ಎರಡಲ್ಲ. ದೀಪಾವಳಿಯ ಮುಂಚೆಯೇ ಯಾರೋ ಹಣತೆ ಇಟ್ಟ ಹಾಗೆ.

ಹೊರಗಿನಿಂದ ತಂದ ಮರಿಗಳಲ್ಲೇ ರೋಗ ಬಂದಿರಬೇಕು ಎಂದಳು ಸೌಜನ್ಯ. ಬಚ್ಚನ ನೀರಿನಿಂದಲ್ಲ. ಚಂದ ಇದೆ ನೋಡಲು. ಚಂದವಿದೆ ಎಂದು ಹೇಳಲು ನಾಚಿಕೆಯಾಗುತ್ತದೆ, ಆದರೂ ಇದೆ.

ಅರ್ಜಿ ಮುಂದುವರಿಸೋಣವೆಂದು ಸಂಜೆ ಕುಳಿತೆ. ಸದರಿ ಎಂಬಲ್ಲಿಂದ ಮುಂದೆ ಏನೂ ಬರಲಿಲ್ಲ.

ಅಕ್ಟೋಬರ್ 19, ಭಾನುವಾರ

ಬೆಳಿಗ್ಗೆ ಸುಧೀರನಿಗೆ ಹೇಳಿದೆವು. ಎದ್ದು ಅಂಗಳಕ್ಕೆ ಹೋಗಿ ಬಂದ. ಕಡೆಗೆ, ಶುಕ್ರವಾರದ ಇಳಿತಕ್ಕೇ ಕೆರೆಯ ಒಂದು ಪಾಲು ನೀರನ್ನು ಹೊಳೆಗೆ ಬಿಟ್ಟಾಗಿದೆ ಎಂದ. ಆ ನೀರು ಕವಲಿನಲ್ಲೇ ಹಿಂದೆ ಮುಂದೆ ತಿರುಗುತ್ತಿರುತ್ತದೆ. ನಾಳೆ ಮಧ್ಯಾಹ್ನದ ಭರತಕ್ಕೆ ಬಚ್ಚ ಹಲಗೆ ಎತ್ತಿದರೆ ಅವನ ಕೆರೆಗೇ ಹೋಗುವುದು.

"ಹೇಳುಕ್ ಆಯ್ಕ್, ಹೇಳ್ದೆ ಇಪ್ಪುಕಾಗ" ಎಂದಳು ಸೌಜನ್ಯ.

"ಅಪ್ಪಯ್ಯ, ನೀವ್ ಸುಮ್ನಿರಿ ಕಾಂಬ" ಎಂದ ಸುಧೀರ. "ಊರಿಡೀ ಅವ್ನ್ ಕೆರಿಗ್ ಸೀಕ್ ಅಂದ್ ಹೇಳ್ಕಂಡ್ ಬಂದದ್ದ್ ಯಾರ್? ಈಗ ನೀವೇ ಹೋಯಿ ನಮ್ದೇ ಸೀಕ್ ಅಂದ್ರೆ, ನಾಳೆ ಚಹಾದಂಗ್ಡಿಗ್ ಹೋಪುಕ್ ಮುಖ ಇರತ್ತಾ ನಿಮ್ಗೆ?"

ಅವನು ಹೇಳಿದ್ದರಲ್ಲಿ ತಪ್ಪಿಲ್ಲ.

ಒಂದು ಪತ್ರ ಬರೆದು ಕಳುಹಿಸೋಣವೆಂದುಕೊಂಡೆ. "ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ" ಎಂದು ಬರೆದು ನೋಡಿದೆ. ಬಚ್ಚನಿಗೆ ಓದಲು ಬರುವುದಿಲ್ಲ. ಸೀತು ಯಾರನ್ನಾದರೂ ಕರೆದು ಓದಿಸಬೇಕು. ಅಷ್ಟರಲ್ಲಿ ಭರತ ಬಂದು ಹೋಗಿರುತ್ತದೆ. ಚಪ್ಪಲಿ ಹಾಕಿಕೊಂಡೆ.

ಅವನು ದಂಡೆಯ ಮೇಲೆ ಹಲಗೆಯ ಹಗ್ಗಕ್ಕೆ ಎಣ್ಣೆ ಹಚ್ಚುತ್ತ ಕೂತಿದ್ದ. ನಾಳೆಯ ತಯಾರಿ.

"ಹ್ವಾಯ್, ಬನಿ ಬನಿ. ಅರ್ಜಿ ಆಯ್ತಾ? ಸಹಿ ಹಾಕುಕ್ ಹೆಬ್ಬೆಟ್ಟ್ ಬೇಕಾ?"

ದಾರಿಯುದ್ದಕ್ಕೂ ವಾಕ್ಯ ಕಟ್ಟಿಕೊಂಡು ಬಂದಿದ್ದೆ. ಎದುರು ನಿಂತಾಗ ಒಂದೂ ನೆನಪಿಗೆ ಬರಲಿಲ್ಲ.

"ಬಚ್ಚ, ಸೀಕ್ ನಮ್ ಕೆರೀಲಿ ಇತ್ತ್. ನಿನ್ದ್ರಲ್ ಇಲ್ಲ. ಸುಧೀರ ನೀರ್ ಬಿಟ್ಟಾಯ್ತ್. ನಾಳೆ ಹಲ್ಗಿ ಎತ್ತಬೇಡ."

ಅವನ ಕೈ ನಿಂತಿತು. ನನ್ನನ್ನು ನೋಡಿದ. ಮತ್ತೊಮ್ಮೆ ನೋಡಿದ. ಕವಲಿನ ಕಡೆ ತಿರುಗಿ ಉಗುಳಿದ.

"ಇದನ್ ಹೇಳುಕ್ ಕೋಡಿಯಿಂದ ನಡ್ಕಂಡ್ ಬಂದ್ರ್ಯಾ?"

"ಬಸ್ಸಂಗ್ ಬಂದೆ."

"ಅದನ್ ಕೇಳದ್ದಲ್ಲ ಮಾರಾಯ್ರೆ." ಹಗ್ಗವನ್ನು ಸುತ್ತಿ ಪಕ್ಕಕ್ಕಿಟ್ಟ. ಆಮೇಲೆ, "ಹಲ್ಗಿ ಸಂದಂಗೆ ನೀರ್ ಒಸರತ್ತ್. ಬರೀ ಎತ್ತದಿರೆ ಸಾಲ. ಜೇಡಿ ಮೆತ್ತುಕ್ ಆಯ್ಕ್. ನನ್ ಸೊಂಟ ಬಗ್ಗತಿಲ್ಲ. ನಿಮ್ದ್ ಬಗ್ಗತ್ತಾ?"

ಬಗ್ಗಿತು. ಅಂಗಿ ಬಿಚ್ಚಿ ಸೀತುವಿನ ಕೈಗೆ ಕೊಟ್ಟು ಕಿಂಡಿಗೆ ಇಳಿದೆ. ಕೆಸರು ಮೊಣಕಾಲಿನ ತನಕ. ಬಚ್ಚ ಮೇಲಿನಿಂದ ಜೇಡಿಮಣ್ಣಿನ ಉಂಡೆ ಕೊಟ್ಟ,  ನಾನು ಹಲಗೆಗಳ ಸಂದಿಗೆ ಮೆತ್ತಿದೆ. "ಅಲ್ಲ್ ಅಲ್ಲ, ಕೆಳಗೆ. ಎಂತ, ಕಾಂತಿಲ್ಯಾ? ದೊಡ್ ಮಿಷನ್ ಇಲ್ದೆ ನಿಮ್ಗೆ ಕಾಂತಿಲ್ಯಾ ಈಗ?" ಎಂದು ಬೈದ. ಸಂದಿನಲ್ಲಿ ಬೆರಳಿಟ್ಟು ನೋಡಿದರೆ ತಣ್ಣಗೆ ನೀರು ಬರುವುದು ಗೊತ್ತಾಗುತ್ತದೆ. ನಿಲ್ಲುವ ತನಕ ಮೆತ್ತಿದೆ.

ಅಕ್ಟೋಬರ್ 20, ಸೋಮವಾರ

ಮಧ್ಯಾಹ್ನದ ಭರತ ಬಂತು. ಬಚ್ಚ, ನಾನು, ಸೌಜನ್ಯ ದಂಡೆಯ ಮೇಲೆ ಕೂತು ನೋಡಿದೆವು. ನೀರು ಹಲಗೆಯ ಅರ್ಧಕ್ಕೆ ಏರಿತು, ಮುಕ್ಕಾಲಿಗೆ ಏರಿತು, ನಿಂತಿತು, ಇಳಿಯಿತು. ಒಳಗೆ ಹನಿಯೂ ಇಳಿಯಲಿಲ್ಲ.

ಸಂಜೆ ಸುಧೀರ ಬಂದು ದೂರದಲ್ಲಿ ನಿಂತ. ನಮ್ಮ ಕೆರೆಯ ನೀರನ್ನು ಹೊಳೆಗೆ ಬಿಡದೆ, ಸಿಗಡಿಯನ್ನು ಬಲೆಯಲ್ಲೇ ಹಿಡಿದು, ಉಳಿದ ನೀರಿಗೆ ಮದ್ದು ಹಾಕುವುದೆಂದಾಯಿತು. ಬಲೆ ಎಳೆಯಲು ಜನ ಸಾಲದೆಂದ. "ನಾ ಬತ್ತೆ" ಎಂದ ಬಚ್ಚ.

ಮೈ ಕೈ ನೋವು. ಸೊಂಟ ವಿಶೇಷವಾಗಿ.

ಅಕ್ಟೋಬರ್ 24, ಶುಕ್ರವಾರ. ತಲ್ಲೂರು

ಇದನ್ನು ಸೌಜನ್ಯಳ ಕೊಠಡಿಯಲ್ಲೇ ಕೂತು ಬರೆಯುತ್ತಿದ್ದೇನೆ. ಬಚ್ಚ ತನ್ನ ಕೆರೆಯ ಸಿಗಡಿಯನ್ನು ಡಬ್ಬಿಯಲ್ಲಿ ಹಿಡಿದುಕೊಂಡು ಬೆಳಿಗ್ಗೆಯೇ ಬಂದ. ಮಹಡಿ ಹತ್ತಿದವನು ಕಿಟಕಿಯ ಕದಿರನ್ನು ನೋಡಿ, "ಇದ್ ಇಲ್ಲಿಗ್ ಯಾರ್ ಕಟ್ಟಿದ್ದ್? ಗಾಳಿಗೂ ಹೊಸ್ತಾ?" ಎಂದ. ಸೌಜನ್ಯ ನನ್ನನ್ನು ನೋಡಿ ತುಟಿ ಕಚ್ಚಿಕೊಂಡಳು.

ಅವಳು ಡಬ್ಬಿಯ ನೀರಿನ ಹನಿಯನ್ನೂ ಬೆರೆಸಿ ಮಾದರಿ ಇಟ್ಟು, ಸ್ಪಷ್ಟ ಮಾಡಿ, ಅವನನ್ನು ಕೂರಿಸಿದಳು.

"ಎಂತ ಇಲ್ಲ. ಬರೀ ಕಪ್ಪ್. ಇಲ್ಲಪ್ಪ, ಎಂತದೋ ಕೂದ್ಲ್ ಇತ್ತ್."

"ಅದ್ ನಿನ್ ರೆಪ್ಪೆ" ಎಂದೆ. "ಹಿಂದ್ ಬಾ. ಆ ಬಳಿ ಇತ್ತಲೆ, ಅದನ್ ತಿರ್ಗಿಸ್. ನಿನ್ ಕಣ್ಣಿಗ್ ಸಮ ಆಪಷ್ಟ್. ಹೆದ್ರಬೇಡ, ತಿರ್ಗಿಸ್."

ತಿರುಗಿಸಿದ. ಅವನ ಬಾಯಿ ಮೆಲ್ಲನೆ ತೆರೆಯಿತು.

"ಹ್ವಾಯ್ ಚಂದಣ್ಣ, ಪಾತಿ! ಪಾತಿ ಹೋತಾ ಇತ್ತ್ ಕಾಣಿ! ಹುಟ್ಟ್ ಹಾಕ್ವರೇ ಇಲ್ಲ!"

ಎಷ್ಟೋ ಹೊತ್ತು ಎದ್ದೇಳಲಿಲ್ಲ. ನಾವು ಚಹಾ ತರಿಸಿದೆವು, ಅವನ ಚಹಾ ತಣಿಯಿತು. ಕಡೆಗೆ ಸೌಜನ್ಯ ಪಟ್ಟಿಯನ್ನು ದೂಡಿದಳು. ಟಕ್. ಬೆಳಕು ಬದಲಾಯಿತು. ಬಚ್ಚ ಕಣ್ಣು ತೆಗೆಯದೆಯೇ ಹೇಳಿದ. "ಹೋಯ್ತ್. ಎಲ್ಲ ಕಪ್ಪ್ ಆಯ್ತ್. ಹಾಳಾಯ್ತಾ?"

"ಇಲ್ಲ" ಎಂದೆ. "ಕಪ್ಪೇ ಆಯ್ಕ್. ಕಪ್ಪೇ ಒಳ್ಳೇದ್."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೂ ಆ ಕಪ್ಪನ್ನೇ ನೋಡುತ್ತ ಕೂತ. ಇನ್ನೆರಡು ಸಲ ಪರೀಕ್ಷಿಸಬೇಕೆಂದು ಸೌಜನ್ಯ ಹೇಳಿದ್ದಕ್ಕೆ ತಲೆಯಾಡಿಸಿದ.

ಆಗಲೇ ಸುಧೀರ ಫೋನು ಮಾಡಿ, ಅರ್ಜಿಯ ಕರಡು ಎಲ್ಲಿಟ್ಟಿದ್ದೀರಿ, ಯಾರ ಕೈಗಾದರೂ ಸಿಕ್ಕರೆ ಕಷ್ಟ ಎಂದು ಕೇಳಿದ. ಎಲ್ಲಿಟ್ಟೆನೋ ನೆನಪಿಲ್ಲ. ಹುಡುಕಬೇಕು.

ಚಹಾದಂಗಡಿಗೆ ಒಟ್ಟಿಗೆ ಹೋಗೋಣವೆಂದು ಬಚ್ಚ ಎದ್ದ. ನಾನೂ ಬರುತ್ತೇನೆ, ಒಂದು ನಿಮಿಷ ಎಂದು ಹೇಳಿ, ಬಳೆಯನ್ನು ಕೆಂಪು ಗುರುತಿಗೆ ತಂದಿಟ್ಟೆ.